ಆಕಾಶಕ್ಕೂ ಸರ್ವೆ ನಂಬರ್ ಐತೇನ್ರಿ?

ಬೆಳಗಾವಿ ಮತ್ತು ವಿಜಯಪುರದ ಜಿಲ್ಲಾಧಿಕಾರಿಗಳಿಗೆ, ಹಾಗೆಯೇ ಎರಡೂ ಕಡೆ ವಿಮಾನ ನಿಲ್ದಾಣದ ಸುತ್ತ ಇರುವ ಊರುಗಳ ಪಂಚಾಯ್ತಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಾನು ಬೆಳಗಾವಿಯಲ್ಲಿ ಮನೆ ಪ್ಲಾನ್ ಹಾಕಿಕೊಡುವವನು. ಸಿವಿಲ್ ಡಿಪ್ಲೊಮಾ ಮುಗಿಸಿ ಇಪ್ಪತ್ತೆರಡು ವರ್ಷ ಆಯ್ತು. ದೊಡ್ಡ ಇಂಜಿನಿಯರ್ ಏನಲ್ಲ. ಮೂವತ್ತು–ನಲವತ್ತರ ಸೈಟು, ದೇವರ ಮನೆ ಈಶಾನ್ಯಕ್ಕೆ, ಅಡುಗೆ ಮನೆ ಆಗ್ನೇಯಕ್ಕೆ, ಮುಂದೆ ಬೈಕ್ ನಿಲ್ಲಿಸುವಷ್ಟು ಜಾಗ. ನನ್ನ ಹೊಟ್ಟೆಪಾಡು ಇಷ್ಟೇ. ವಿಮಾನ ನಿಲ್ದಾಣದ ಸುತ್ತ ಮನೆ ಎಷ್ಟು ಎತ್ತರ ಕಟ್ಟಬಹುದು ಅಂತ ನಮಗೆ ಯಾರೂ ಹೇಳುವುದಿಲ್ಲ ಅನ್ನುವ ದೂರು ಈ ಪತ್ರದಲ್ಲಿ ಇದೆ. ಆ ದೂರಿನಲ್ಲಿ ನನ್ನ ಪಾಲೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿಯುವುದು ಬೇಡ.

ನನ್ನ ಕಾಕಾ ಹೊಲ ಮಾರಿದ ದುಡ್ಡಲ್ಲಿ ರನ್‌ವೇ ತುದಿಗೆ ಹತ್ತಿರದ ಒಂದು ಲೇಔಟಿನಲ್ಲಿ ಸೈಟು ತೆಗೆದುಕೊಂಡರು. ಲೇಔಟ್ ಮಾಡಿದವರ ಬೋರ್ಡಿನ ಮೇಲೆ ‘ವಿಮಾನ ನಿಲ್ದಾಣಕ್ಕೆ ಬರೀ ಐದು ನಿಮಿಷ’ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಪಕ್ಕಕ್ಕೆ ಒಂದು ವಿಮಾನದ ಚಿತ್ರ ಬೇರೆ. ಮನೆ ಎಷ್ಟು ಎತ್ತರ ಕಟ್ಟಬಹುದು ಅಂತ ಆ ಬೋರ್ಡಿನಲ್ಲಿ ಇರಲಿಲ್ಲ. ಖರೀದಿ ಪತ್ರದಲ್ಲೂ ಇರಲಿಲ್ಲ. ಪ್ಲಾನ್ ಹಾಕಿದ್ದು ನಾನು. ನಾನೂ ಕೇಳಲಿಲ್ಲ. ಕೆಳಗೊಂದು, ಮೇಲೊಂದು ಅಂತಸ್ತು, ಇದರಲ್ಲಿ ಏನು ಕೇಳುವುದಿದೆ ಅಂದುಕೊಂಡೆ. ಪ್ಲಾನ್ ಪಾಸೂ ಆಯ್ತು. ಸ್ಲ್ಯಾಬ್ ಹಾಕಿದ ದಿನ ಗವಂಡಿಗಳಿಗೆಲ್ಲ ಹೋಳಿಗೆ ಊಟ.

ಮೂರು ವರ್ಷ ಬಿಟ್ಟು ಕಾಕಾನ ಮಗನಿಗೆ ಮದುವೆ ನಿಶ್ಚಯ ಆಯ್ತು. ಮೇಲೆ ಇನ್ನೊಂದು ಅಂತಸ್ತು ಏರಿಸೋಣ ಅಂತ ಬ್ಯಾಂಕ್ ಸಾಲಕ್ಕೆ ಹೋದರು. ಬ್ಯಾಂಕಿನವರು ವಿಮಾನ ನಿಲ್ದಾಣದ ಎನ್‌ಒಸಿ, ಅಂದರೆ ಕಟ್ಟಲು ಅಡ್ಡಿಯಿಲ್ಲ ಅನ್ನುವ ಪತ್ರ ಕೇಳಿದರು. ಎನ್‌ಒಸಿ ಅರ್ಜಿಗೆ ಸೈಟಿನ ಅಕ್ಷಾಂಶ, ರೇಖಾಂಶ ಮತ್ತು ಸಮುದ್ರ ಮಟ್ಟದಿಂದ ನೆಲ ಎಷ್ಟು ಎತ್ತರ ಇದೆ ಅನ್ನುವುದು ಬೇಕು. ಸರ್ವೆಯರ್ ಬಂದರು. ಮಾಳಿಗೆ ಮೇಲೆ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಅದರ ತಲೆಗೆ ಬಿಳಿ ಬುರುಡೆಯಂಥ ಯಂತ್ರ ಕೂಡಿಸಿ, ಒಂದು ತಾಸು ಸುಮ್ನೆ ಕೂತರು. ಕಾಕಿ ಎರಡು ಸಲ ಚಹಾ ಕೊಟ್ಟರು. ಕೊನೆಗೆ ಸರ್ವೆಯರ್ ಹೇಳಿದ್ದು ಕೇಳಿ ಎಲ್ಲರಿಗೂ ಗಂಟಲು ಒಣಗಿತು. ಮೂರನೇ ಅಂತಸ್ತಿನ ಮಾತು ಬಿಡಿ, ಈಗ ಇರುವ ಮನೆಯ ತುದಿಯೇ ಮಿತಿಗಿಂತ ಎರಡು ಅಡಿ ಮೇಲಿದೆ!

ಕಾಕಾ ಸ್ವಲ್ಪ ಹೊತ್ತು ಮೇಲೆ ನೋಡಿದರು. ಆಮೇಲೆ ಕೇಳಿದರು: ‘ಅಲ್ರೀ, ಹೊಲಕ್ಕ ಸರ್ವೆ ನಂಬರ್ ಇರ್ತದ, ಗೊತ್ತೈತಿ. ಆಕಾಶಕ್ಕೂ ಸರ್ವೆ ನಂಬರ್ ಐತೇನ್ರಿ?’

ಸರ್ವೆಯರ್ ನಕ್ಕರು. ನನಗೆ ನಗು ಬರಲಿಲ್ಲ. ಯಾಕಂದರೆ ಆಕಾಶಕ್ಕೆ ಸರ್ವೆ ನಂಬರ್ ಇದೆ, ಮತ್ತು ಅದನ್ನು ತಿಳಿದುಕೊಳ್ಳಬೇಕಾದವನು ನಾನೇ ಆಗಿದ್ದೆ.

ಆ ಎರಡು ಅಡಿ ಎಲ್ಲಿಂದ ಬಂತು ಅಂತ ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಅದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ನಿಮಗೆ ಗೊತ್ತಿರುವುದೇ ಇರಬಹುದು. ಆದರೆ ಈ ಪತ್ರ ಓದುವ ಗವಂಡಿಗೆ, ಸೈಟು ಕೊಳ್ಳುವವರಿಗೆ ಗೊತ್ತಿಲ್ಲ.

ವಿಮಾನ ಇಳಿಯುವ, ಏರುವ ದಾರಿಯನ್ನು ಒಂದು ಮೊರದ ಹಾಗೆ ಕಲ್ಪಿಸಿಕೊಳ್ಳಿ. ಮೊರದ ಸಣ್ಣ ತುದಿ ರನ್‌ವೇ ಕಡೆ. ಅಲ್ಲಿ ಸುಮಾರು 300 ಮೀಟರ್ ಅಗಲ. ದೂರ ಹೋದಂತೆ ಎರಡೂ ಬದಿಗೆ ಅಗಲವಾಗುತ್ತಾ, ಜೊತೆಗೆ ನಿಧಾನಕ್ಕೆ ಮೇಲೇರುತ್ತಾ ಹೋಗುತ್ತದೆ. ಉಪಕರಣ ನೋಡಿ ವಿಮಾನ ಇಳಿಸುವ ದೊಡ್ಡ ರನ್‌ವೇಗಳಲ್ಲಿ ಈ ಮೊರದ ಉದ್ದ 15 ಕಿಲೋಮೀಟರ್. ಶುರುವಿನ 3 ಕಿಲೋಮೀಟರಿನಲ್ಲಿ ಇದು ಏರುವುದು 50 ಮೀಟರಿಗೆ ಬರೀ 1 ಮೀಟರ್. ಮೊರದ ತಳಕ್ಕೆ ಕೆಳಗಿನಿಂದ ಏನೂ ತಾಗಬಾರದು. ಮನೆ, ಮರ, ಕಂಬ, ಕಳಸ ಯಾವುದೂ.

ಕಾಕಾನ ಮನೆ ರನ್‌ವೇ ತುದಿಯಿಂದ ಸುಮಾರು 800 ಮೀಟರ್. ಲೆಕ್ಕ ಶುರುವಾಗುವುದು ತುದಿಯಿಂದ 60 ಮೀಟರ್ ಆಚೆಗೆ. ಉಳಿದದ್ದು 740. ಐವತ್ತರಿಂದ ಭಾಗಿಸಿದರೆ 14.8 ಮೀಟರ್. ಅಂದರೆ 48–49 ಅಡಿ. ಕೆಳಗೊಂದು ಮೇಲೊಂದು ಮನೆಗೆ ಬೇಕಾದಷ್ಟಾಯ್ತು ಅಲ್ವಾ?

ಆಗಲಿಲ್ಲ. ಯಾಕಂದರೆ ಆ 14.8 ಮೀಟರ್ ರನ್‌ವೇ ತುದಿಯ ಮಟ್ಟದಿಂದ ಲೆಕ್ಕ, ಕಾಕಾನ ಅಂಗಳದಿಂದ ಲೆಕ್ಕ ಅಲ್ಲ. ಕಾಕಾನ ಸೈಟು ಇರುವುದು ಸಣ್ಣ ದಿಬ್ಬದ ಮೇಲೆ. ನೆಲವೇ ರನ್‌ವೇಗಿಂತ 4 ಮೀಟರ್ ಮೇಲಿದೆ. ‘ಎತ್ತರದ ಸೈಟು, ಮಳೆ ನೀರು ನಿಲ್ಲಂಗಿಲ್ಲ’ ಅಂತ ಅದಕ್ಕೆ ಸ್ವಲ್ಪ ಜಾಸ್ತಿಯೇ ದುಡ್ಡು ಕೊಟ್ಟಿದ್ದರು. ಹಾಗಾಗಿ ಉಳಿದದ್ದು 10.8 ಮೀಟರ್. ಪ್ಲಿಂತ್, ಅಂದರೆ ಅಂಗಳದಿಂದ ಮನೆಯ ನೆಲದವರೆಗಿನ ಕಟ್ಟು, 0.6. ಎರಡು ಅಂತಸ್ತು ತಲಾ 3.2. ಅಲ್ಲಿಗೆ 7 ಆಯ್ತು. ಮೆಟ್ಟಿಲ ಮೇಲಿನ ಹೆಡ್‌ರೂಮ್ 2.4. ಅದರ ತಲೆಯ ಮೇಲೆ ಅರ್ಧ ಮೀಟರ್ ಕಟ್ಟೆ, ಕಟ್ಟೆ ಮೇಲೆ ಒಂದೂವರೆ ಮೀಟರಿನ ಕರಿ ನೀರಿನ ಟಾಕಿ. ಒಟ್ಟು 11.4. ಮೀರಿದ್ದು 0.6 ಮೀಟರ್. ಎರಡು ಅಡಿ ಅಂದರೆ ಇದೇ.

ನೀರಿನ ಟಾಕಿಯನ್ನು ನಾವು ಯಾವತ್ತೂ ಮನೆಯ ಎತ್ತರದಲ್ಲಿ ಸೇರಿಸುವವರಲ್ಲ. ಎನ್‌ಒಸಿ ಸೇರಿಸುತ್ತದೆ. ಟಾಕಿ, ಲಿಫ್ಟಿನ ಯಂತ್ರದ ಕೋಣೆ, ಟಿವಿ ಆಂಟೆನಾ, ಸಿಡಿಲು ತಡೆಯುವ ಸರಳು, ತೀರಾ ತುದಿ ಯಾವುದೋ ಅದೇ ಲೆಕ್ಕ. ಗವಂಡಿ ನೆಲದಿಂದ ಅಳೆಯುತ್ತಾನೆ, ಕಾನೂನು ಸಮುದ್ರದಿಂದ ಅಳೆಯುತ್ತದೆ. ಬೆಳಗಾವಿಯಿಂದ ಸಮುದ್ರ ಕಾಣುತ್ತದೆಯೇ ಸ್ವಾಮಿ?

ಟಾಕಿ ಕೆಳಗಿಳಿಸಿದೆವು. ಹಗ್ಗ ಕಟ್ಟಿ, ನಾಲ್ಕು ಜನ ಹಿಡಿದು, ಕಿಟಕಿಯ ಸಜ್ಜಾಕ್ಕೆ ಬಡಿಯದ ಹಾಗೆ ಇಳಿಸುವುದರೊಳಗೆ ಸಾಕಾಗಿ ಹೋಯ್ತು. ಈಗ ಅದು ಹಿತ್ತಲಲ್ಲಿ ತುಳಸಿ ಕಟ್ಟೆ ಪಕ್ಕಕ್ಕೆ ಕೂತಿದೆ. ಒತ್ತಡಕ್ಕೆ ಒಂದು ಸಣ್ಣ ಮೋಟರ್ ಇಟ್ಟಿದ್ದೇವೆ. ಕರೆಂಟ್ ಹೋದರೆ ನಲ್ಲಿಯಲ್ಲಿ ನೀರಿಲ್ಲ. ಕಾಕಿ ಪ್ರತಿ ಸಲ ನನ್ನ ಹೆಸರು ಹಿಡಿದು ಬೈಯುತ್ತಾರೆ, ಬೈಯಲಿ. ಮಗನ ಮದುವೆ ಆಯ್ತು. ಹೊಸ ಜೋಡಿ ಬಾಡಿಗೆ ಮನೆಯಲ್ಲಿದೆ.

ಇಷ್ಟು ಓದಿದ ಯಾರಾದರೂ ಕಾಕಾ ಕೇಳಿದ ಎರಡನೇ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ‘ವಿಮಾನ ನಮ್ಮ ಮನಿ ಮ್ಯಾಲೆ ಅಷ್ಟು ಎತ್ತರಕ್ಕ ಹೋಗ್ತದ. ನನ್ನ ಟಾಕಿ ಎರಡು ಫೂಟಿಂದ ಅದಕ್ಕೇನಾಗ್ತದ?’

ಪ್ರಶ್ನೆ ಸರಿಯಾಗೇ ಇದೆ. ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಕಾಕಾನ ಮನೆ ಇರುವಷ್ಟು ದೂರದಲ್ಲಿ ಅದು ರನ್‌ವೇಗಿಂತ ಐವತ್ತು ಮೀಟರಿಗೂ ಮೇಲೆ ಇರಬೇಕು. ಟಾಕಿಗೂ ಅದಕ್ಕೂ ಬಹಳ ಅಂತರ. ಆದರೆ ಮೊರದ ಲೆಕ್ಕ ಹಾಕಿರುವುದು ಎಲ್ಲ ಸರಿಯಾಗಿರುವ ದಿನಕ್ಕಲ್ಲ. ಜುಲೈ ತಿಂಗಳ ಬೆಳಗಾವಿಯನ್ನು ನೆನಪಿಸಿಕೊಳ್ಳಿ. ಘಟ್ಟದ ಕಡೆಯಿಂದ ಮೋಡ ಬಂದು ನೆಲಕ್ಕೇ ಒರಗಿದ ಹಾಗೆ ಇರುತ್ತದೆ. ಮಧ್ಯಾಹ್ನ ಮೂರಕ್ಕೆ ದೀಪ ಹಚ್ಚಬೇಕು. ಜಡಿಮಳೆ, ಅಡ್ಡಗಾಳಿ. ಅಂಥ ದಿನ ವಿಮಾನ ಎಲ್ಲಿರಬೇಕೋ ಅದಕ್ಕಿಂತ ಸ್ವಲ್ಪ ಕೆಳಗೆ, ಸ್ವಲ್ಪ ಪಕ್ಕಕ್ಕೆ ಇದ್ದರೂ ಅದಕ್ಕೆ ಏನೂ ತಾಗಬಾರದು.

ಏರುವ ಕಡೆಯ ಕತೆ ಇನ್ನೂ ಬಿಗಿ. ಎರಡು ಇಂಜಿನ್ನಿನ ವಿಮಾನ ನೆಲ ಬಿಟ್ಟ ಹೊತ್ತಿಗೆ ಒಂದು ಇಂಜಿನ್ ಕೈಕೊಟ್ಟರೂ, ಚಕ್ರ ಮಡಚಿದ ಮೇಲೆ 100 ಮೀಟರ್ ಮುಂದೆ ಹೋಗುವಷ್ಟರಲ್ಲಿ ಕಡಿಮೆ ಅಂದರೆ 2.4 ಮೀಟರ್ ಏರುವ ಶಕ್ತಿ ಅದಕ್ಕೆ ಇರಬೇಕು ಅಂತ ನಿಯಮ. ಅಷ್ಟೇ. ಐವತ್ತು ಮೀಟರಿಗೆ ಒಂದೂಕಾಲು ಮೀಟರಿಗಿಂತಲೂ ಕಡಿಮೆ. ಮೊರದ ಇಳಿಜಾರನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ಒಂಟಿ ಇಂಜಿನ್ನಿನಲ್ಲಿ ಒದ್ದಾಡುತ್ತಾ ಏರುವ ವಿಮಾನಕ್ಕೂ ಮೊರಕ್ಕೂ ನಡುವೆ ಎಷ್ಟು ಕಡಿಮೆ ಜಾಗ ಉಳಿಯುತ್ತದೆ ನೋಡಿ. ಮನೆ ತುದಿ ಮೊರ ದಾಟಿದರೆ ತಿನ್ನುವುದು ಆ ಜಾಗವನ್ನೇ.

ನಮ್ಮ ಬೆಳಗಾವಿ ವಿಮಾನ ನಿಲ್ದಾಣ ಇರುವ ಸಾಂಬ್ರಾದ ರನ್‌ವೇ ಸಮುದ್ರ ಮಟ್ಟದಿಂದ ಸುಮಾರು 758 ಮೀಟರ್ ಎತ್ತರದಲ್ಲಿದೆ. ಎತ್ತರ ಜಾಸ್ತಿಯಾದರೆ ಗಾಳಿ ತೆಳು. ಏಪ್ರಿಲ್–ಮೇ ಬಿಸಿಲಿಗೆ ಇನ್ನೂ ತೆಳು. ತೆಳು ಗಾಳಿಯಲ್ಲಿ ಇಂಜಿನ್ನಿಗೂ ರೆಕ್ಕೆಗೂ ದುಡಿಮೆ ಜಾಸ್ತಿ. ಏರುವ ದಾರಿಯಲ್ಲಿ ಒಂದು ಟವರ್ ಎದ್ದರೆ ವಿಮಾನದವರು ಭಾರ ಕಡಿಮೆ ಮಾಡಬೇಕಾಗಬಹುದು. ಅಂದರೆ ಕೆಲವು ಸೀಟು ಖಾಲಿ, ಇಲ್ಲವೇ ಸರಕು ಕಡಿಮೆ. ಇಳಿಯುವ ಕಡೆ ಅಡ್ಡಿ ಎದ್ದರೆ ಇನ್ನೊಂದು ದಾರಿ ಇದೆ: ಇಳಿಯುವ ಗುರುತನ್ನೇ ರನ್‌ವೇ ಒಳಗೆ ಸರಿಸುವುದು. ಡಾಂಬರು ಅಷ್ಟೇ ಇರುತ್ತದೆ, ಇಳಿಯಲು ಸಿಗುವ ಉದ್ದ ಕಡಿಮೆಯಾಗುತ್ತದೆ. ನಮ್ಮ ರನ್‌ವೇ ಮೊದಲು 1,830 ಮೀಟರ್ ಇತ್ತು. ರೈತರ ಭೂಮಿ ತೆಗೆದುಕೊಂಡು, ವರ್ಷಗಟ್ಟಲೆ ಕೆಲಸ ಮಾಡಿ ಅದನ್ನು 2,300 ಮೀಟರಿಗೆ ಬೆಳೆಸಿದರು. 2017ರಲ್ಲಿ ಹೊಸ ಟರ್ಮಿನಲ್ ಬಂತು. ಅಷ್ಟು ಕಷ್ಟಪಟ್ಟು ಸೇರಿಸಿದ ಉದ್ದವನ್ನು ನಾಲ್ಕು ಮಾಳಿಗೆ, ಹತ್ತು ತೆಂಗು ಸೇರಿ ವಾಪಸ್ ತಿನ್ನುವುದು ಅಂದರೆ ಬೇಜಾರಿನ ಮಾತು.

ಇನ್ನು ಮೊರದ ಆಚೆ ಬದಿಯವರೂ ಪಾರಾದೆವು ಅಂದುಕೊಳ್ಳುವಂತಿಲ್ಲ. ದೊಡ್ಡ ರನ್‌ವೇಯ ಸುತ್ತ 4 ಕಿಲೋಮೀಟರಿನವರೆಗೆ, ನಿಲ್ದಾಣದ ಮಟ್ಟದಿಂದ 45 ಮೀಟರ್ ಮೇಲೆ, ಒಂದು ಕಾಣದ ಚಪ್ಪಟೆ ತಳ ಇದೆ. ಅಲ್ಲಿಂದಾಚೆ ಅದು 20 ಮೀಟರಿಗೆ 1 ಮೀಟರಿನಂತೆ ಏರುತ್ತದೆ. ಹಿಟ್ಟು ನಾದುವ ಪರಾತ ನೋಡಿದ್ದೀರಲ್ಲ, ಚಪ್ಪಟೆ ತಳ, ಏರುವ ಅಂಚು, ಥೇಟ್ ಹಾಗೆ. ವಿಜಯಪುರದವರಿಗೆ ಅಳತೆ ಬೇಕೆಂದರೆ, ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ರನ್‌ವೇ ಮಟ್ಟದ ನೆಲದಲ್ಲಿ, ಅದರ ಪಕ್ಕಕ್ಕೇ ಗುಮ್ಮಟ ನಿಂತಿದ್ದರೆ ಪರಾತದ ತಳ ತೂತು ಬೀಳುತ್ತಿತ್ತು. ಆದಿಲ್‌ಶಾಹಿಗಳ ಕಾಲಕ್ಕೆ ಎನ್‌ಒಸಿ ಇರಲಿಲ್ಲ, ಅವರು ಬಚಾವ್.

ಕಾನೂನು ಇಲ್ಲ ಅಂತ ನಾನು ಹೇಳುತ್ತಿಲ್ಲ. ಬೇಕಾದಷ್ಟಿದೆ. 1934ರ ವಿಮಾನ ಕಾಯ್ದೆಯ 9ಎ ಕಲಮಿನಲ್ಲೇ ನಿಲ್ದಾಣದ ಸುತ್ತ ಕಟ್ಟಡ, ಮರ ತಡೆಯುವ ಅಧಿಕಾರ ಇತ್ತು. ಆ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಅಡ್ಡಿ ಒಡೆಯುವುದಕ್ಕೆ 1994ರ ನಿಯಮ. ಎತ್ತರದ ಮಿತಿಗೆ 2015ರ ನಿಯಮ. ನಿಲ್ದಾಣದಿಂದ 20 ಕಿಲೋಮೀಟರಿನವರೆಗೂ ಅದರ ಕೈ ಚಾಚುತ್ತದೆ. ಬೆಳಗಾವಿ ಪೇಟೆಯಿಂದ ಸಾಂಬ್ರಾ ಹತ್ತೇ ಕಿಲೋಮೀಟರಿನ ಮಾತು. ಅಂದರೆ ಇಡೀ ಪಟ್ಟಣವೇ ಆ ವೃತ್ತದ ಒಳಗೆ. ವಿಮಾನ ನಿಲ್ದಾಣ ಪ್ರಾಧಿಕಾರ ಬಹಳಷ್ಟು ನಿಲ್ದಾಣಗಳಿಗೆ ಬಣ್ಣದ ನಕ್ಷೆ ಮಾಡಿದೆ. ಒಂದೊಂದು ಬಣ್ಣಕ್ಕೆ ಒಂದೊಂದು ಎತ್ತರ. ಆ ಎತ್ತರದ ಒಳಗಿದ್ದರೆ ಸ್ಥಳೀಯ ಸಂಸ್ಥೆಯೇ ಪ್ಲಾನ್ ಪಾಸ್ ಮಾಡಬಹುದು. ಕೆಂಪು ಬಣ್ಣದಲ್ಲಿ ಮಾತ್ರ ಏನೇ ಕಟ್ಟಿದರೂ ಪ್ರಾಧಿಕಾರದ ಎನ್‌ಒಸಿ ಬೇಕೇ ಬೇಕು. ಒಳ್ಳೆಯ ವ್ಯವಸ್ಥೆ. ಆದರೆ ಕಾಕಾನಂಥವರು ಆ ನಕ್ಷೆಯನ್ನು ಎಲ್ಲಿ ನೋಡಬೇಕು? ನೋಡಿದರೂ, ಅದರ ಮೇಲೆ ಬರೆದಿರುವುದು ಸಮುದ್ರ ಮಟ್ಟದಿಂದ ಎತ್ತರ. ಅದರಿಂದ ಮನೆಗೆ ಎಷ್ಟು ಅಡಿ ಸಿಕ್ಕಿತು ಅಂತ ಯಾರು ಹೇಳಬೇಕು?

ಹೇಳದೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಮುಂಬೈ ಇದೆ. ಅಲ್ಲಿಯ ವಿಮಾನ ನಿಲ್ದಾಣದ ಸುತ್ತ 48 ಕಟ್ಟಡಗಳ ಮಿತಿ ಮೀರಿದ ಭಾಗ ಕೆಡವಬೇಕು ಅಂತ 2022ರಲ್ಲಿ ಬಾಂಬೆ ಹೈಕೋರ್ಟ್ ಜಿಲ್ಲಾಧಿಕಾರಿಗೆ ಹೇಳಬೇಕಾಯಿತು. ಜನ ಸಂಸಾರ ಹೂಡಿದ ಮನೆಗಳ ಮೇಲಿನ ಅಂತಸ್ತು ಅವು. ಕೊನೆಗೆ ಅದು ಬರುವುದು ನಿಮ್ಮಂಥವರ ಮೇಜಿಗೇ, ಜಿಲ್ಲಾಧಿಕಾರಿಗಳೇ. ಲೇಔಟ್ ಮಾಡಿದವರ ಮೇಜಿಗೆ ಬರುವುದಿಲ್ಲ. ಅವರು ಅಷ್ಟರಲ್ಲಿ ಇನ್ನೊಂದು ಊರಲ್ಲಿ ಬೋರ್ಡ್ ಹಚ್ಚಿರುತ್ತಾರೆ.

ಅಹಮದಾಬಾದ್ ವಿಮಾನ ದುರಂತ ಆಗಿದ್ದು 2025ರ ಜೂನ್ 12ಕ್ಕೆ. ಆರೇ ದಿನಕ್ಕೆ ಕೇಂದ್ರ ಸರ್ಕಾರ ಅಡ್ಡಿಗಳನ್ನು ಒಡೆಯುವ ಹೊಸ ನಿಯಮದ ಕರಡು ಹೊರಡಿಸಿತು. ನಮ್ಮ ಕಡೆ ಚಹಾ ಅಂಗಡಿಗಳಲ್ಲಿ ಎಲ್ಲರೂ ‘ಬಿಲ್ಡಿಂಗಿಗೆ ಬಡದ ವಿಮಾನ ಬಿತ್ತು’ ಅಂತಲೇ ಮಾತಾಡಿದರು. ಅದು ಹಾಗಲ್ಲ. ಪ್ರಾಥಮಿಕ ವರದಿಯ ಪ್ರಕಾರ ಏರಿದ ಕೆಲವೇ ಕ್ಷಣಕ್ಕೆ ಎರಡೂ ಇಂಜಿನ್ನಿಗೆ ಇಂಧನ ನಿಂತು ಹೋಗಿತ್ತು. ವಿಮಾನ ಹೋಗಿ ಬಿದ್ದದ್ದು ಹಾಸ್ಟೆಲ್ ಕಟ್ಟಡದ ಮೇಲೆ, ಆದರೆ ಆ ಹಾಸ್ಟೆಲ್ ವಿಮಾನವನ್ನು ಬೀಳಿಸಲಿಲ್ಲ. ಆ ಹೆದರಿಕೆಯನ್ನು ಇಟ್ಟುಕೊಂಡು ಜನರ ಮನೆ ಒಡೆಯುವ ಆತುರ ಬೇಡ.

ಹೆದರಿಕೆಗೆ ಉದಾಹರಣೆ ಬೇಕೇ ಬೇಕು ಅಂದರೆ ನಮ್ಮ ಮಂಗಳೂರು ಇದೆ. 2010ರ ಮೇ 22. ರನ್‌ವೇ ದಾಟಿ ಮುಂದೆ ಹೋದ ವಿಮಾನದ ರೆಕ್ಕೆ ಬಡಿದದ್ದು ಇಳಿಯಲು ದಾರಿ ತೋರಿಸುವ ಆಂಟೆನಾ ನಿಲ್ಲಿಸಿದ್ದ ಕಾಂಕ್ರೀಟ್ ಕಟ್ಟೆಗೆ. ಆಮೇಲೆ ಕಮರಿ. 158 ಜನ ಹೋದರು. ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ 2024ರ ಡಿಸೆಂಬರ್ 29ರಂದು ಚಕ್ರ ಇಳಿಸದೆ ಹೊಟ್ಟೆಯ ಮೇಲೆ ಜಾರಿ ಬಂದ ವಿಮಾನ ಅಂಥದೇ ಆಂಟೆನಾದ ಕಾಂಕ್ರೀಟ್ ದಿಬ್ಬಕ್ಕೆ ಗುದ್ದಿತು. 181 ಜನರಲ್ಲಿ ಉಳಿದದ್ದು ಇಬ್ಬರು. ಈ ಎರಡೂ ಅಡ್ಡಿಗಳನ್ನು ಕಟ್ಟಿದ್ದು ಯಾವ ಹಳ್ಳಿಯವರೂ ಅಲ್ಲ. ನಿಲ್ದಾಣದ ಒಳಗಿನ, ಸರಿಯಾದ ಉದ್ದೇಶಕ್ಕೇ ಕಟ್ಟಿದ ಕಟ್ಟೆಗಳು ಅವು. ಹಾಗಾಗಿ ಕೋಲು ಹಿಡಿದು ಅಳೆಯಲು ಹೊರಟರೆ ಮೊದಲು ಕಾಂಪೌಂಡಿನ ಒಳಗೆ ಅಳೆಯಿರಿ. ಆಮೇಲೆ ಸರ್ಕಾರದ್ದೇ ನೀರಿನ ಟಾಕಿ, ಹೈಮಾಸ್ಟ್ ದೀಪ, ಕರೆಂಟ್ ಕಂಬ. ಆಮೇಲೆ ಮೊಬೈಲ್ ಟವರ್. ಅದರ ತುದಿಯ ಕೆಂಪು ದೀಪ ಅಲಂಕಾರಕ್ಕೆ ಹಾಕಿದ್ದಲ್ಲ, ಉರಿಯುತ್ತಿದೆಯಾ ಅಂತ ಯಾರಾದರೂ ತಲೆ ಎತ್ತಿ ನೋಡಬೇಕು. ಕಾಕಾನ ಟಾಕಿಯ ಪಾಳಿ ಕೊನೆಗೆ ಬರಲಿ.

ಮರದ ವಿಷಯವನ್ನು ಒಂದು ಮಾತಲ್ಲಿ ಮುಗಿಸಲಾಗುವುದಿಲ್ಲ. ಮನೆ ಕಟ್ಟಿದಷ್ಟೇ ಇರುತ್ತದೆ, ಮರ ಬೆಳೆಯುತ್ತಾ ಹೋಗುತ್ತದೆ. ಎಷ್ಟೋ ವರ್ಷದ ಹಿಂದೆ ಬದುವಿಗೆ ನೆಟ್ಟ ತೆಂಗು ಆಗ ಯಾರಿಗೂ ಅಡ್ಡ ಇರಲಿಲ್ಲ. ಈಗ ಅದು ಅರವತ್ತು ಅಡಿ. ರನ್‌ವೇ ತುದಿಯಿಂದ ಒಂದು ಕಿಲೋಮೀಟರ್ ದೂರದಲ್ಲೂ ಮೊರದ ಎತ್ತರ 18.8 ಮೀಟರ್, ಅಂದರೆ 61–62 ಅಡಿ. ತೆಂಗಿನ ತಲೆ ಮತ್ತು ಕಾನೂನಿನ ಮಿತಿ ಹೆಚ್ಚುಕಡಿಮೆ ಒಂದೇ ಮಟ್ಟ. ಒಂದು ಮಳೆಗಾಲ ಕಳೆದರೆ ರೈತ ತಪ್ಪಿತಸ್ಥ! ತಲೆ ಕತ್ತರಿಸಿದ ತೆಂಗು ಬದುಕುವುದಿಲ್ಲ ಅನ್ನುವುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮಾವಿಗಾದರೂ ಕೊಂಬೆ ಸವರಬಹುದು. ನೀಲಗಿರಿಗೆ ನಾನು ಯಾವತ್ತೂ ವಕಾಲತ್ತು ಮಾಡಿದವನಲ್ಲ, ಅದು ಹೋದರೆ ಹೋಗಲಿ. ಆದರೆ ಕಾಯಿ ಬಿಡುವ ತೆಂಗಿಗೆ ಬೆಲೆ ಕಟ್ಟಿ ಕೊಡಬೇಕು. ಪರಿಹಾರದ ಮಾತು 1934ರ ಕಾಯ್ದೆಯ 9ಬಿ ಕಲಮಿನಲ್ಲೇ ಇತ್ತು. ರೈತರಿಗೆ ಅದನ್ನು ಹೇಳಿದವರು ಯಾರೂ ಇಲ್ಲ. ಕತ್ತರಿಸಿ ಅನ್ನುವುದನ್ನು ಹೇಳಲು ಮಾತ್ರ ಜನ ಬರುತ್ತಾರೆ.

ಕಸದ ಬಗ್ಗೆ ಚಿಕ್ಕದಾಗಿ: ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಹದ್ದು, ಕಾಗೆ ಬರುವ ಹಾಗೆ ಮಾಂಸದಂಗಡಿಯ ಕಸ, ಹೋಟೆಲ್ ಎಂಜಲು ಸುರಿಯುವಂತಿಲ್ಲ ಅಂತ 1937ರ ವಿಮಾನ ನಿಯಮಗಳ 91ನೇ ನಿಯಮ ಹೇಳುತ್ತದೆ. ಹಕ್ಕಿಯೂ ಹಾರುವ ಅಡ್ಡಿಯೇ. ಮದುವೆ ಮನೆಯವರು ಎಬ್ಬಿಸುವ ಡ್ರೋನೂ ಅಷ್ಟೇ. ಇದಕ್ಕೆ ಡಂಗುರ ಸಾರಿದರೂ ಸಾಕು.

ನಾನು ಕೇಳುವುದು ಈಗ ಬಂತು. ದೊಡ್ಡದೇನಲ್ಲ, ಕಲ್ಲು ಕೊಡಿ ಸಾಕು.

ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡ್ ನೋಡಿದ್ದೀರಲ್ಲ? ಊರ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಅಂತ ಬರೆದಿರುತ್ತದೆ. ಚಿಕ್ಕವರಿದ್ದಾಗ ಅದನ್ನು ಓದಿ, ಇದನ್ನು ಯಾಕೆ ಬರೆದರಪ್ಪಾ ಅಂತ ತಲೆ ಕೆರೆದುಕೊಂಡವರು ನಾವೆಲ್ಲ. ಅಂಥದೇ ಒಂದು ಕಲ್ಲು ನಿಲ್ದಾಣದ ಸುತ್ತಲಿನ ಪ್ರತಿ ಊರಲ್ಲಿ, ಪ್ರತಿ ಹೊಸ ಲೇಔಟಿನಲ್ಲಿ ನೆಡಿಸಿ. ಅದರ ಮೇಲೆ ಎರಡೇ ಸಾಲು ಕೆತ್ತಿಸಿ. ಈ ಕಲ್ಲಿನ ತಲೆ ಸಮುದ್ರದಿಂದ ಎಷ್ಟು ಮೀಟರ್. ಈ ಓಣಿಯಲ್ಲಿ ಯಾವ ಮನೆಯ ತುದಿಯೂ ಈ ಕಲ್ಲಿನ ತಲೆಗಿಂತ ಎಷ್ಟು ಅಡಿ ಮೇಲೆ ಹೋಗಬಾರದು. ಅಂಕಿ ದೊಡ್ಡದಾಗಿ, ಮಾತು ಕನ್ನಡದಲ್ಲಿ. ನಮ್ಮ ಕಡೆ ಮರಾಠಿ ಓದುವವರೂ ಇದ್ದಾರೆ, ಅವರಿಗೂ ಅಂಕಿ ತಿಳಿಯುತ್ತದೆ.

ಇದರಿಂದ ಏನು ಲಾಭ ಅಂದರೆ, ನಮ್ಮ ಗವಂಡಿಗಳ ಹತ್ತಿರ ಲೆವೆಲ್ ಪೈಪ್ ಇದೆ. ಬೆರಳು ದಪ್ಪದ ಪಾರದರ್ಶಕ ಪೈಪು, ಒಳಗೆ ನೀರು. ಒಬ್ಬ ಒಂದು ತುದಿ ಹಿಡಿದು ಕಲ್ಲಿನ ಹತ್ತಿರ ಕೂರುತ್ತಾನೆ, ಇನ್ನೊಬ್ಬ ಇನ್ನೊಂದು ತುದಿ ಹಿಡಿದು ಗೋಡೆಯ ಹತ್ತಿರ ನಿಲ್ಲುತ್ತಾನೆ. ಗುಳ್ಳೆ ಹೋಗುವವರೆಗೆ ಕಾಯುತ್ತಾರೆ. ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಂತ ತಕ್ಷಣ ‘ಹಾಂ, ಹಚ್ಚು’ ಅಂತ ಒಬ್ಬ ಕೂಗುತ್ತಾನೆ, ಇನ್ನೊಬ್ಬ ಪೆನ್ಸಿಲಿನಿಂದ ಗೆರೆ ಎಳೆಯುತ್ತಾನೆ. ಇಡೀ ಮನೆಯ ಪ್ಲಿಂತನ್ನು ಅವರು ಹೀಗೇ ಮಟ್ಟ ಮಾಡುವುದು. ಓಣಿಯ ಕಲ್ಲಿನಿಂದ ಯಾವ ಮನೆಗೆ ಬೇಕಾದರೂ ಆ ಮಟ್ಟವನ್ನು ಎರಡು–ಮೂರು ಸಲ ಪೈಪ್ ಸರಿಸಿ ಒಯ್ಯಬಹುದು. ಅಲ್ಲಿಂದ ಟೇಪು ಹಿಡಿದರೆ ಮಿತಿ ಎಲ್ಲಿಗೆ ಅಂತ ಪಾಯ ತೆಗೆಯುವ ದಿನವೇ ಗೊತ್ತಾಗುತ್ತದೆ. ಎನ್‌ಒಸಿ ಬೇಡ ಅಂತ ನಾನು ಹೇಳುತ್ತಿಲ್ಲ, ಅದು ಬೇಕು, ಅದರ ಅಳತೆ ಯಂತ್ರದ್ದೇ ಆಗಲಿ. ಆದರೆ ಕಾಕಾನಂಥವರಿಗೆ ಪಾಯದ ದಿನ ಗೊತ್ತಾಗಿದ್ದರೆ ಹೆಡ್‌ರೂಮನ್ನು ಎರಡು ಅಡಿ ಇಳಿಸಿ, ಅರ್ಧ ಆಳಿನಷ್ಟು ಕುಳ್ಳಗಿನ ಟಾಕಿ ಇಡುತ್ತಿದ್ದೆವು. ಮುಗಿಯಿತು. ಖರ್ಚು ಸೊನ್ನೆ.

ಕಲ್ಲಿನ ಜೊತೆ ಇನ್ನೊಂದು ಕೆಲಸ ಕಾಗದದ್ದು. ಲೇಔಟ್ ಮಂಜೂರಾತಿ ಆದೇಶದಲ್ಲೇ ಎತ್ತರದ ಮಿತಿ ಬರೆಯಬೇಕು. ಅದು ಖರೀದಿ ಪತ್ರಕ್ಕೂ ಇಳಿದು ಬರಬೇಕು. ‘ಐದು ನಿಮಿಷ’ ಅಂತ ಬೋರ್ಡ್ ಹಚ್ಚುವವರು ಅದರ ಕೆಳಗೆ ‘ಇಷ್ಟು ಅಡಿ’ ಅಂತಲೂ ಹಚ್ಚಲಿ. ಬೆಲೆ ಸ್ವಲ್ಪ ಇಳಿಯಬಹುದು. ಇಳಿಯಲಿ ಬಿಡಿ, ಕೊಳ್ಳುವವರಿಗೆ ತಾವು ಏನು ಕೊಳ್ಳುತ್ತಿದ್ದೇವೆ ಅಂತ ತಿಳಿಯುತ್ತದೆ. ಪಂಚಾಯ್ತಿಯ ಗೋಡೆಯ ಮೇಲೆ ಆ ಬಣ್ಣದ ನಕ್ಷೆಯನ್ನು ಸರ್ವೆ ನಂಬರ್ ಸಮೇತ ಬಿಡಿಸಿರಿ. ಪೋಲಿಯೋ ಹನಿ, ಸ್ವಚ್ಛತೆ ಎಲ್ಲ ಬರೆಸುತ್ತೀರಿ, ಅದರ ಪಕ್ಕಕ್ಕೆ ಇದೂ ಇರಲಿ. ನಮ್ಮಂಥ ಪ್ಲಾನ್ ಹಾಕುವವರನ್ನೂ ಒಂದು ದಿನ ಕರೆದು ಕೂರಿಸಿ ಹೇಳಿಕೊಡಿ. ಬರುತ್ತೇವೆ. ಬರದವರ ಸಹಿ ಇರುವ ಪ್ಲಾನ್ ತೆಗೆದುಕೊಳ್ಳಬೇಡಿ.

ವಿಜಯಪುರದ ಜಿಲ್ಲಾಧಿಕಾರಿಗಳಿಗೆ ಈ ಪತ್ರ ಯಾಕೆ ಅಂದರೆ, ನನ್ನ ತಂಗಿಯನ್ನು ಅಲ್ಲಿಗೆ ಕೊಟ್ಟಿದ್ದೇವೆ. ಭಾವ ಈಗ ಬುರಣಾಪುರ–ಮದಭಾವಿ ಕಡೆ ಸೈಟು ನೋಡುತ್ತಿದ್ದಾರೆ. ಹೋದ ತಿಂಗಳು ಫೋನ್ ಮಾಡಿ, ‘ಅಳಿಯಾ, ಏರ್‌ಪೋರ್ಟಿಗೆ ಹತ್ತಿರ ಐತಿ, ರೇಟ್ ಏರತೈತಿ, ತಗೊಳ್ಳೇನು?’ ಅಂತ ಕೇಳಿದರು. ನಾನು ಕಾಕಾನ ಟಾಕಿಯ ಕತೆ ಹೇಳಿದೆ. ಆ ಕಡೆ ಬಹಳ ಹೊತ್ತು ಮಾತೇ ಇಲ್ಲ.

ನಿಮ್ಮ ನಿಲ್ದಾಣಕ್ಕೆ 2021ರಲ್ಲಿ ಶಂಕುಸ್ಥಾಪನೆ ಆಯ್ತು. ಮೊದಲು ಎಟಿಆರ್ 72ರಂಥ ಸಣ್ಣ ವಿಮಾನಕ್ಕೆ ಅಂತ ಯೋಜನೆ ಇತ್ತು, ಆಮೇಲೆ ಏರ್‌ಬಸ್ ಎ320 ಇಳಿಯುವ ಹಾಗೆ ಬದಲಾಯಿತು. ಸಂತೋಷದ ಸಂಗತಿಯೇ. ಆದರೆ ದೊಡ್ಡ ವಿಮಾನ, ರಾತ್ರಿ ಹಾರಾಟ, ಉಪಕರಣ ನೋಡಿ ಇಳಿಯುವ ವ್ಯವಸ್ಥೆ ಒಂದೊಂದಾಗಿ ಸೇರಿದಂತೆ ಖಾಲಿ ಇಡಬೇಕಾದ ಆಕಾಶವೂ ಅಗಲವಾಗುತ್ತದೆ. ಇವತ್ತಿನ ಸಣ್ಣ ಲೆಕ್ಕ ಹಿಡಿದು ಪ್ಲಾನ್ ಪಾಸ್ ಮಾಡಿದರೆ ನಾಳೆ ಅವೇ ಮನೆಗಳು ಅಡ್ಡಿ ಅನಿಸಿಕೊಳ್ಳುತ್ತವೆ. ಮನೆಯವರ ತಪ್ಪೇನೂ ಇರುವುದಿಲ್ಲ. ಸಾಂಬ್ರಾದಲ್ಲಿ ಆದದ್ದು ಸ್ವಲ್ಪ ಹೀಗೇ. ಈ ಜಾಗದಲ್ಲಿ ವಿಮಾನ ಇಳಿಯಲು ಶುರುವಾದದ್ದು 1942ರಲ್ಲಿ, ಬ್ರಿಟಿಷರು ಯುದ್ಧಕಾಲದ ತರಬೇತಿಗೆ ಕಟ್ಟಿದ್ದು. ಆಗ ಇದ್ದದ್ದು ಆ ಕಾಲದ ಸಣ್ಣ ವಿಮಾನ. ವಿಮಾನ ಬೆಳೆಯುತ್ತಾ ಬಂತು, ಊರೂ ಬೆಳೆಯುತ್ತಾ ಬಂತು. ನಮ್ಮಲ್ಲಿ ಎರಡೂ ಒಂದನ್ನೊಂದು ನೋಡಿಕೊಂಡು ಬೆಳೆಯಲಿಲ್ಲ.

ನಿಮ್ಮಲ್ಲಿ ಇನ್ನೂ ಸುತ್ತ ಹೊಲಗಳೇ ಜಾಸ್ತಿ. ಎರೆ ಭೂಮಿ, ಜೋಳ, ತೊಗರಿ. ನೆಲವೂ ನಮ್ಮಷ್ಟು ಏರಿಳಿತದ್ದಲ್ಲ. ಅಲ್ಲಿ ಕಲ್ಲು ನೆಡುವುದು ಒಂದು ವಾರದ ಕೆಲಸ. ಮುಂದೆ ಬರುವ ದೊಡ್ಡ ವಿಮಾನದ ಲೆಕ್ಕವನ್ನೇ ಹಿಡಿದು ಇವತ್ತೇ ಮಿತಿ ಕೆತ್ತಿಸಿಬಿಡಿ. ತೋಟ ಮಾಡುವ ರೈತರಿಗೆ ಮೊರದ ಕೆಳಗೆ ತೆಂಗು ಬೇಡ, ಲಿಂಬೆ ಹಚ್ಚಿ, ದಾಳಿಂಬೆ ಹಚ್ಚಿ ಅಂತ ಸಸಿ ಕೊಡುವಾಗಲೇ ಹೇಳಿ. ಇಂಡಿ ಲಿಂಬೆಯ ಗಿಡ ಯಾವ ವಿಮಾನಕ್ಕೂ ಅಡ್ಡ ಬರುವಷ್ಟು ಬೆಳೆಯುವುದಿಲ್ಲ, ದುಡ್ಡೂ ಕೊಡುತ್ತದೆ.

ಬೆಳಗಾವಿಯ ಜಿಲ್ಲಾಧಿಕಾರಿಗಳೇ, ನಮ್ಮಲ್ಲಿ ಈಗಾಗಲೇ ಎದ್ದು ನಿಂತಿರುವ ಮನೆಗಳದ್ದೇ ಕಷ್ಟ. ಅವನ್ನೆಲ್ಲ ಒಂದು ಸಲ ಸರಿಯಾಗಿ ಅಳೆಸಿ. ಅಳತೆಯ ಪಟ್ಟಿಯನ್ನು ಪಂಚಾಯ್ತಿಯಲ್ಲಿ ಹಚ್ಚಿ, ಮುಚ್ಚಿಡಬೇಡಿ. ಎರಡು ಅಡಿ ಮೀರಿದವರಿಗೂ ಎರಡು ಅಂತಸ್ತು ಮೀರಿದವರಿಗೂ ಒಂದೇ ನೋಟಿಸು ಹೋಗುವುದು ಬೇಡ. ಟಾಕಿ, ಆಂಟೆನಾ, ಕಂಬ ಇಳಿಸಿದರೆ ಸರಿಹೋಗುವ ಮನೆಗಳೇ ಜಾಸ್ತಿ ಇರುತ್ತವೆ ಅಂತ ನನ್ನ ಅಂದಾಜು. ಅವರಿಗೆ ಕೆಳಗಿಳಿಸಿದ ಟಾಕಿಗೆ ಮೋಟರ್ ಇಟ್ಟುಕೊಳ್ಳಲು ಒಂದಿಷ್ಟು ಸಹಾಯ ಮಾಡಿದರೆ ಜಗಳವೇ ಇಲ್ಲದೆ ಕೆಲಸ ಆಗುತ್ತದೆ. ಇನ್ನು ಮಿತಿ ಗೊತ್ತಿದ್ದೂ ಅಂತಸ್ತಿನ ಮೇಲೆ ಅಂತಸ್ತು ಏರಿಸಿದವರು ಇದ್ದರೆ, ಅವರ ಪರವಾಗಿ ನನ್ನದೊಂದು ಮಾತೂ ಇಲ್ಲ.

ಇದನ್ನೆಲ್ಲ ಕಾಕಾನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ಅವರ ಓಣಿಯ ಕಲ್ಲನ್ನು ತಮ್ಮ ಮನೆಯ ಮುಂದೆಯೇ ನೆಡಬೇಕಂತೆ, ಜಾಗ ಬಿಟ್ಟುಕೊಡುತ್ತಾರಂತೆ, ಅದನ್ನೂ ಬರೆ ಅಂದರು. ಬರೆದಿದ್ದೇನೆ. ಕಲ್ಲು ಕೆತ್ತುವವರೂ ನನಗೆ ಪರಿಚಯ ಇದ್ದಾರೆ. ಅಂಕಿ ಮಾತ್ರ ನೀವು ಕೊಡಬೇಕು.

ಇತಿ ನಿಮ್ಮ ವಿಶ್ವಾಸಿ,
ಮನೆ ಪ್ಲಾನ್ ಹಾಕುವ ಒಬ್ಬ ಡಿಪ್ಲೊಮಾದವ
ಬೆಳಗಾವಿ